ಆಗದೇ ಹೋದ ಸ್ಫೋಟಕ್ಕೆ ಸಾಕ್ಷಿ ಯಾರು?

ಜಸ್ವಂತ್ ಸಿಂಗ್ ಗಿಲ್ ಅವರ ಹೆಸರನ್ನು ಈಗ ಕನ್ನಡಿಗರೂ ಕೇಳಿರುತ್ತಾರೆ. 2023ರಲ್ಲಿ ತೆರೆಕಂಡ ‘ಮಿಷನ್ ರಾಣಿಗಂಜ್’ ಹಿಂದಿ ಚಿತ್ರದಲ್ಲಿ ಅಕ್ಷಯ್ ಕುಮಾರ್ ವಹಿಸಿದ್ದು ಅವರ ಪಾತ್ರವನ್ನೇ. 1989ರ ನವೆಂಬರ್ 13ರಂದು ಪಶ್ಚಿಮ ಬಂಗಾಳದ ರಾಣಿಗಂಜ್ ಬಳಿಯ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿತು. 71 ಮಂದಿ ಒಳಗೆ ಸಿಕ್ಕಿಹಾಕಿಕೊಂಡರು. ಆರು ಮಂದಿ ಮುಳುಗಿ ಸತ್ತರು, ಉಳಿದ 65 ಮಂದಿ ನೀರು ಮುಟ್ಟದ ಎತ್ತರದ ಜಾಗದಲ್ಲಿ ಗುಂಪುಗೂಡಿ ಕೂತಿದ್ದರು. ಗಣಿ ಎಂಜಿನಿಯರ್ ಗಿಲ್ ಮೇಲಿನಿಂದ ನೆಲ ಕೊರೆಸಿದರು. ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗವಿದ್ದ ಉಕ್ಕಿನ ಕೋಶವೊಂದನ್ನು ಅವಸರದಲ್ಲಿ ಮಾಡಿಸಿದರು. ಅದರಲ್ಲಿ ತಾವೇ ಕೆಳಗಿಳಿದು, ಒಬ್ಬೊಬ್ಬರನ್ನಾಗಿ ಅಷ್ಟೂ ಜನರನ್ನು ಮೇಲೆ ಕಳಿಸಿ, ಕೊನೆಯವರಾಗಿ ಹೊರಬಂದರು. ಸರ್ಕಾರ ಅವರಿಗೆ ಸರ್ವೋತ್ತಮ ಜೀವನ್ ರಕ್ಷಾ ಪದಕ ಕೊಟ್ಟಿತು. ಸಲ್ಲಬೇಕಾದದ್ದೇ ಸಂದಿತು.

ಆದರೆ ಚಿತ್ರ ನೋಡಿ ಹೊರಬಂದವರಲ್ಲಿ ಎಷ್ಟು ಮಂದಿ ಆ ನೀರು ಎಲ್ಲಿಂದ ಬಂತು ಎಂದು ಕೇಳಿಕೊಂಡಿದ್ದಾರು? ಅದೇನೂ ಆಕಾಶದಿಂದ ಸುರಿದದ್ದಲ್ಲ. ಹಿಂದೆಂದೋ ಕಲ್ಲಿದ್ದಲು ಬಗೆದು ಬಿಟ್ಟುಹೋದ ಗಣಿಭಾಗದಲ್ಲಿ ನಿಂತಿದ್ದ ನೀರು ಅದು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್‌ನಾಲಾದಲ್ಲಿ 375 ಮಂದಿಯನ್ನು ಕೊಂದದ್ದೂ ಅಂಥ ನೀರೇ. 1995ರಲ್ಲಿ ಗಾಸ್ಲಿಟಾಂಡ್ ಗಣಿಗೆ ನದಿ ನುಗ್ಗಿ 64 ಮಂದಿ ಹೋದರು. 2001ರಲ್ಲಿ ಬಾಗ್‌ಡಿಗಿಯಲ್ಲಿ ಪಕ್ಕದ ಹಳೆಯ ಗಣಿಯ ನೀರು ಒಡೆದುಬಂದು 29 ಮಂದಿ. ನೀರು ತುಂಬಿದ ಹಳೆಯ ಗಣಿಭಾಗದಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಕೆಲಸ ಮಾಡಕೂಡದೆಂದು 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲೇ ಇತ್ತು. ಅಂದರೆ ಈ ನಾಲ್ಕು ದುರಂತಗಳಿಗಿಂತ ಮೊದಲೇ ನೀರಿನ ಭಯ ಕಾಗದದ ಮೇಲೆ ಬಂದಾಗಿತ್ತು. ನಾಲ್ಕರಲ್ಲಿ ನಮಗೆ ಚೆನ್ನಾಗಿ ನೆನಪಿರುವುದು ಒಂದೇ, ಜನ ಬದುಕಿ ಬಂದದ್ದು.

ಗಿಲ್ ಅವರ ಧೈರ್ಯವನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ನಮ್ಮ ಮೆಚ್ಚುಗೆಯ ರೀತಿಯ ಮೇಲೆ. ಬಾವಿಗೆ ಬಿದ್ದವನನ್ನು ಎತ್ತಿದವನಿಗೆ ಹಾರ ಹಾಕುತ್ತೇವೆ, ಬಾವಿಗೆ ಕಟ್ಟೆ ಕಟ್ಟಿಸಿದವನ ಹೆಸರು ಕೇಳುವುದಿಲ್ಲ. ಗಣಿಯ ಮಟ್ಟಿಗೆ ಇದು ಬರೀ ಕೃತಘ್ನತೆಯಾಗಿದ್ದರೆ ಸಹಿಸಬಹುದಿತ್ತು. ಹಣ ಎಲ್ಲಿಗೆ ಹೋಗುತ್ತದೆ, ಕಾನೂನು ಯಾವುದಕ್ಕೆ ಮೊದಲು ಬರುತ್ತದೆ, ಯಾವ ಎಂಜಿನಿಯರ್ ಮೇಲೇರುತ್ತಾನೆ ಎಂಬುದನ್ನೂ ಈ ಮೆಚ್ಚುಗೆಯೇ ತೀರ್ಮಾನಿಸುತ್ತದೆ. ಇದನ್ನು ತೋರಿಸಲು ನೂರು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ಎಂಜಿನಿಯರನ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಏಕೆಂದರೆ ಎತ್ತುವ ಕೆಲಸ, ತಡೆಯುವ ಕೆಲಸ ಎರಡನ್ನೂ ಒಬ್ಬನೇ ಮಾಡಿದ. ಎರಡಕ್ಕೂ ಸಿಕ್ಕ ಮರ್ಯಾದೆ ಬೇರೆಬೇರೆಯಾಗಿತ್ತು.

ಅವನ ಹೆಸರು ವಿಲಿಯಂ ಗಾರ್ಫೋರ್ತ್. 1845ರಲ್ಲಿ ಹುಟ್ಟಿದವನು. ಯಾರ್ಕ್‌ಶೈರ್‌ನ ಆಲ್ಟಫ್ಟ್ಸ್ ಎಂಬಲ್ಲಿಯ ಕಲ್ಲಿದ್ದಲು ಗಣಿಗಳ ಉಸ್ತುವಾರಿ ಅವನದು. 1886ರ ಅಕ್ಟೋಬರ್ 2, ಶನಿವಾರ, ಅಲ್ಲಿ ಸ್ಫೋಟವಾಗಿ 22 ಮಂದಿ ಸತ್ತರು. ಆ ಕಾಲದ ಬ್ರಿಟನ್ನಿಗೆ ಇದೇನೂ ದೊಡ್ಡ ಸಂಖ್ಯೆಯಲ್ಲ. ಕಲ್ಲಿದ್ದಲು ಬಿಡಿಸಲು ಸಿಡಿಸಿದ ಮದ್ದಿನಿಂದ ಕಿಡಿ ಹೊರಟಿತ್ತು. ಗಾರ್ಫೋರ್ತ್ ಸುಟ್ಟ ಸುರಂಗಗಳಲ್ಲಿ ನಡೆದು, ಬೆಂಕಿ ಯಾವ ದಾರಿಯಲ್ಲಿ ಹೋಗಿದೆ, ಯಾವ ದಾರಿಯಲ್ಲಿ ಹೋಗಿಲ್ಲ ಎಂದು ನೋಡಿದ. ಸ್ಫೋಟ ಎಲ್ಲಿ ಆಯಿತು ಎಂದು ಹುಡುಕುವುದು ಎಲ್ಲ ತನಿಖೆಗಾರರ ಕಸುಬು. ಎಲ್ಲಿ ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಹುಡುಕಿದ್ದು ಇವನ ವಿಶೇಷ. ಕಲ್ಲಿದ್ದಲ ಪುಡಿ ದಟ್ಟವಾಗಿದ್ದ ಸಾಗಣೆ ಹಾದಿಗಳಲ್ಲಿ ಜ್ವಾಲೆ ಓಡಿತ್ತು. ಕಲ್ಲಿನ ಪುಡಿ ಬೆರೆತಿದ್ದ ಹಾದಿಗಳಲ್ಲಿ ಅದು ಸೊರಗಿಹೋಗಿತ್ತು.

ಇದರ ಮಹತ್ವ ತಿಳಿಯಬೇಕಾದರೆ ಕಲ್ಲಿದ್ದಲ ಪುಡಿಯ ಸ್ವಭಾವ ತಿಳಿದಿರಬೇಕು. ಗಣಿಯಲ್ಲಿ ಸ್ಫೋಟ ಎಂದ ಕೂಡಲೇ ಮೀಥೇನ್ ಅನಿಲ ನೆನಪಾಗುತ್ತದೆ. ಕಲ್ಲಿದ್ದಲ ಪದರಗಳಲ್ಲಿ ಅಡಗಿರುವ ಆ ಅನಿಲ ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಬೆರೆತರೆ ಕಿಡಿಗಾಗಿ ಕಾದು ನಿಂತಂತೆಯೇ. ಆದರೆ ಮೀಥೇನ್ ಹೊತ್ತಿಕೊಂಡು ಆಗುವ ಸ್ಫೋಟ ಸಾಮಾನ್ಯವಾಗಿ ಅದು ತುಂಬಿಕೊಂಡ ಜಾಗಕ್ಕೆ ಸೀಮಿತ. ಅದನ್ನು ಕಿಲೋಮೀಟರುಗಟ್ಟಲೆ ಹೊತ್ತೊಯ್ಯುವುದು ಪುಡಿ. ಮೊದಲ ಸ್ಫೋಟದ ಗಾಳಿಯ ಹೊಡೆತ ಮುಂದೆ ಮುಂದೆ ಓಡುತ್ತ ನೆಲದ, ಗೋಡೆಯ, ತೊಲೆಗಳ ಮೇಲೆ ಕೂತ ಪುಡಿಯನ್ನು ಎಬ್ಬಿಸುತ್ತದೆ. ಹಿಂದೆಯೇ ಬರುವ ಜ್ವಾಲೆಗೆ ಅದು ಆಹಾರ. ಹೊತ್ತಿಕೊಂಡ ಪುಡಿ ಮತ್ತಷ್ಟು ಹೊಡೆತ ಕೊಡುತ್ತದೆ, ಆ ಹೊಡೆತ ಇನ್ನಷ್ಟು ಪುಡಿ ಎಬ್ಬಿಸುತ್ತದೆ. ಹೆಜ್ಜೆಯಿಟ್ಟರೆ ಗುರುತು ಮೂಡುವಷ್ಟು ತೆಳುವಾದ ಪದರವಿದ್ದರೂ ಈ ಓಟಕ್ಕೆ ಸಾಕು.

ಗಾರ್ಫೋರ್ತ್ ಈ ವಿಷಯ ಮೊದಲು ಕಂಡವನಲ್ಲ. 1844ರಲ್ಲಿ ಹ್ಯಾಸ್‌ವೆಲ್ ಗಣಿಯಲ್ಲಿ 95 ಮಂದಿ ಸತ್ತಾಗ ಸರ್ಕಾರ ತನಿಖೆಗೆ ಕಳಿಸಿದ್ದು ಮೈಕೆಲ್ ಫ್ಯಾರಡೆಯನ್ನೂ ಭೂವಿಜ್ಞಾನಿ ಚಾರ್ಲ್ಸ್ ಲಯಲ್‌ನನ್ನೂ. ಆಸರೆ ಕಂಬಗಳ ಮೇಲೆ ಕರಕಾಗಿ ಅಂಟಿದ್ದ ಪುಡಿಯನ್ನು ನೋಡಿ, ಸ್ಫೋಟಕ್ಕೆ ಇದರ ಕೈವಾಡವೂ ಇದೆ ಎಂದು ಅವರು ಬರೆದರು. ಫ್ಯಾರಡೆಯಂಥವನು ಬರೆದ ವರದಿಯೂ ಬೀರು ಸೇರಿತು. 1870ರ ದಶಕದಲ್ಲಿ ವಿಲಿಯಂ ಗ್ಯಾಲೋವೇ ಎಂಬ ಗಣಿ ತಪಾಸಕ ರಾಯಲ್ ಸೊಸೈಟಿಯ ಮುಂದೆ ಪ್ರಯೋಗಗಳ ಸಮೇತ ಇದನ್ನೇ ವಾದಿಸಿದ. ಗಣಿ ವಲಯ ಒಪ್ಪಲಿಲ್ಲ. ಫ್ರಾನ್ಸಿನ ದೊಡ್ಡ ತಜ್ಞರು, ಮೀಥೇನ್ ಇಲ್ಲದ ಕಡೆ ಪುಡಿಯೊಂದರಿಂದಲೇ ದೊಡ್ಡ ಅಪಾಯವಿಲ್ಲ ಎಂದು ನಂಬಿ ಕೂತರು. ಆ ನಂಬಿಕೆಗೆ ಉತ್ತರ 1906ರ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕೂರಿಯೇರ್‌ನಲ್ಲಿ ಸಿಕ್ಕಿತು. ಆ ಒಂದೇ ದುರಂತದಲ್ಲಿ 1,099 ಮಂದಿ ಸತ್ತರು.

ಗಾರ್ಫೋರ್ತ್ ಹೇಳಿದ ಪರಿಹಾರ ಕೇಳಿದರೆ ನಗು ಬರಬೇಕು, ಅಷ್ಟು ಸರಳ. ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಸುರಂಗದ ಉದ್ದಕ್ಕೂ ಚೆಲ್ಲಿ. ಹೊಡೆತ ಬಂದಾಗ ಕಲ್ಲಿದ್ದಲ ಪುಡಿಯ ಜತೆ ಕಲ್ಲುಪುಡಿಯೂ ಏಳುತ್ತದೆ. ಉರಿಯದ ಆ ಪುಡಿ ಜ್ವಾಲೆಯ ಶಾಖವನ್ನು ಹೀರಿಕೊಳ್ಳುತ್ತದೆ, ಉರಿಯುವ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ, ಓಟ ನಿಲ್ಲುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ದುಬಾರಿ ವಸ್ತು ಬೇಡ, ಹೊಸ ವಿಜ್ಞಾನವೂ ಬೇಡ. ಗಣಿಯಿಂದಲೇ ತೆಗೆದು ಹೊರಗೆ ರಾಶಿ ಹಾಕಿದ ಕಲ್ಲೇ ಸಾಕು.

ಇದರ ಜತೆಗೆ ಅವನ ವೃತ್ತಿಜೀವನದ ಇನ್ನೊಂದು ಎಳೆ ನಡೆದಿತ್ತು. ಸ್ಫೋಟದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಬೆಂಕಿಗೂ ಹೊಡೆತಕ್ಕೂ ಸಿಕ್ಕವರಲ್ಲ, ಆಮೇಲೆ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ಕುಡಿದವರು ಎಂದು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ 1896ರಲ್ಲಿ ತೋರಿಸಿಕೊಟ್ಟ. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯುವ ಸಲಹೆಯೂ ಅವನದೇ. ಹಾಗಿದ್ದರೆ ಉಸಿರಾಟದ ಉಪಕರಣ ತೊಟ್ಟು ಬೇಗ ಒಳಹೋದರೆ ಕೆಲವರನ್ನಾದರೂ ಉಳಿಸಬಹುದು. ಗಾರ್ಫೋರ್ತ್ ಅದಕ್ಕೂ ಕೈಹಾಕಿದ. ಸ್ಫೋಟದ ನಂತರ ಗಣಿಯೊಳಗೆ ಹೇಗೆ ಹೋಗಬೇಕು, ಏನು ಮಾಡಬೇಕು ಎಂಬ ನಿಯಮಗಳನ್ನು ಬರೆದ. ರಕ್ಷಣಾ ತಂಡದ ಅಭ್ಯಾಸಕ್ಕೆಂದು ಕುಸಿದ ಸುರಂಗದ ಮಾದರಿಯನ್ನೇ ಕಟ್ಟಿಸಿದ. ತನ್ನ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಉಸಿರಾಟದ ಉಪಕರಣವೊಂದನ್ನು ರೂಪಿಸಿದ. ಬ್ರಿಟನ್ನಿನ ಮೊದಲ ಗಣಿ ರಕ್ಷಣಾ ಕೇಂದ್ರ 1902ರಲ್ಲಿ ಅದೇ ಯಾರ್ಕ್‌ಶೈರ್‌ನ ಟ್ಯಾಂಕರ್ಸ್ಲಿಯಲ್ಲಿ ಶುರುವಾಯಿತು. 1910ರಲ್ಲಿ ರಕ್ಷಣಾ ವ್ಯವಸ್ಥೆಗೆಂದೇ ಪಾರ್ಲಿಮೆಂಟಿನ ಕಾಯಿದೆ ಬಂತು.

ಕಲ್ಲುಪುಡಿಗೆ ಕಾನೂನು ಯಾವಾಗ ಬಂತು? 1908ರಲ್ಲಿ, ಕೂರಿಯೇರ್‌ನ ಸಾವುಗಳ ಬೆನ್ನಿಗೆ, ಗಣಿ ಮಾಲೀಕರ ಸಂಘದ ಹಣದಲ್ಲಿ ಗಾರ್ಫೋರ್ತ್ ಆಲ್ಟಫ್ಟ್ಸ್‌ನಲ್ಲಿ ನೆಲದ ಮೇಲೆಯೇ ಒಂದು ಉಕ್ಕಿನ ಸುರಂಗ ಕಟ್ಟಿಸಿದ. ಹಳೆಯ ಬಾಯ್ಲರುಗಳ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದ ಕೊಳವೆ ಅದು. ಅದರೊಳಗೆ ಕಲ್ಲಿದ್ದಲ ಪುಡಿ ಚೆಲ್ಲಿ ಸಿಡಿಸಿದರು. ಮೀಥೇನ್ ಲವಲೇಶವಿಲ್ಲದಿದ್ದರೂ ಜ್ವಾಲೆ ಉಕ್ಕಿ ಹೊರಬಂತು. ಕಲ್ಲುಪುಡಿ ಚೆಲ್ಲಿದ ಭಾಗಕ್ಕೆ ಬಂದಾಗ ಸತ್ತುಹೋಯಿತು. ಅನುಮಾನಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿತ್‌ನಲ್ಲಿ 439 ಗಣಿ ಕಾರ್ಮಿಕರು ಸತ್ತರು. ಅದೇ ಗಣಿಯಲ್ಲಿ ಹನ್ನೆರಡು ವರ್ಷ ಮೊದಲು 81 ಮಂದಿ ಸತ್ತಾಗಲೂ ಪುಡಿಯ ಮಾತು ಬಂದಿತ್ತು. ಈ ಸಲ ಕೋರ್ಟು ವ್ಯವಸ್ಥಾಪಕನಿಗೆ 24 ಪೌಂಡ್, ಕಂಪನಿಗೆ 10 ಪೌಂಡ್ ದಂಡ ಹಾಕಿತು. ಕಲ್ಲುಪುಡಿ ಚೆಲ್ಲುವುದು ಬ್ರಿಟನ್ನಿನಲ್ಲಿ ಕಡ್ಡಾಯವಾದದ್ದು 1920ರಲ್ಲಿ. ಗಾರ್ಫೋರ್ತ್ ಸತ್ತದ್ದು 1921ರಲ್ಲಿ.

1886ರಲ್ಲಿ ಕಣ್ಣಿಗೆ ಬಿದ್ದ ಸಂಗತಿ ನಿಯಮವಾಗಲು 34 ವರ್ಷ. ಅದೇ ಮನುಷ್ಯನ ರಕ್ಷಣಾ ಕೆಲಸ ಹತ್ತು ವರ್ಷ ಮೊದಲೇ ಕಾನೂನಿನ ಬಲ ಪಡೆಯಿತು. ಯುದ್ಧ ಬಂತು, ಪ್ರಯೋಗಗಳು ಮುಗಿಯಬೇಕಿತ್ತು, ಕಲ್ಲುಪುಡಿಯಿಂದ ಶ್ವಾಸಕೋಶಕ್ಕೆ ಏನಾದೀತು ಎಂಬ ಸಂಶಯವಿತ್ತು ಎಂದು ಸಮಜಾಯಿಷಿ ಕೊಡಬಹುದು. ಎಲ್ಲವೂ ಅಲ್ಪಸ್ವಲ್ಪ ನಿಜ. ಆದರೂ ಆ ಹತ್ತು ವರ್ಷದ ಅಂತರಕ್ಕೆ ನಾನು ಕಾಣುವ ಮೂಲ ಕಾರಣ ಬೇರೆ. ರಕ್ಷಣೆಗೆ ವೆಚ್ಚ ಮಾಡುವಾಗ ಕಣ್ಣೆದುರು ಒಂದು ದುರಂತವಿರುತ್ತದೆ, ಕಾಯುತ್ತಿರುವ ಹೆಂಡತಿ ಮಕ್ಕಳಿರುತ್ತಾರೆ, ಪತ್ರಿಕೆಯವರಿರುತ್ತಾರೆ. ತಡೆಗೆ ವೆಚ್ಚ ಮಾಡುವಾಗ ಎದುರಿಗೆ ಇರುವುದು ಎಂದಿನಂಥ ಒಂದು ಮಂಗಳವಾರ. ಸ್ಫೋಟ ಆಗಲಿಲ್ಲ ಎಂದಾದರೆ, ಕಲ್ಲುಪುಡಿ ಚೆಲ್ಲಿದ್ದರಿಂದ ಆಗಲಿಲ್ಲವೋ ಹೇಗೂ ಆಗುತ್ತಿರಲಿಲ್ಲವೋ ಎಂದು ಕೇಳುವ ಲೆಕ್ಕಪತ್ರದವನಿಗೆ ಎಂಜಿನಿಯರ್ ಯಾವ ಸಾಕ್ಷಿ ತಂದಾನು?

ಇನ್ನೊಂದು ಕಷ್ಟವೂ ಇದೆ. ಅದನ್ನು ಹತ್ತಿರದಿಂದ ನೋಡಬೇಕು. ಕಲ್ಲುಪುಡಿ ಒಮ್ಮೆ ಚೆಲ್ಲಿ ಮುಗಿಸುವ ಕೆಲಸವಲ್ಲ. ಪ್ರತಿ ಪಾಳಿಯಲ್ಲೂ ಕಲ್ಲಿದ್ದಲು ಒಡೆಯುತ್ತದೆ, ಪಟ್ಟಿಯ ಮೇಲೆ ಸಾಗುತ್ತದೆ, ಹೊಸ ಕರಿ ಪುಡಿ ಬಿಳಿ ಪುಡಿಯ ಮೇಲೆ ಕೂರುತ್ತದೆ. ನಿನ್ನೆ ಸರಿಯಿದ್ದ ಸುರಂಗ ನಾಳೆ ಸರಿಯಿಲ್ಲ. ಅದಕ್ಕೇ ಭಾರತದ 1957ರ ನಿಯಮಾವಳಿ ಬರೀ ಚೆಲ್ಲಿ ಎಂದು ಹೇಳಿ ಸುಮ್ಮನಾಗಲಿಲ್ಲ. ಕಲ್ಲಿದ್ದಲಲ್ಲಿ ಆವಿಯಾಗುವ ಅಂಶ ಶೇಕಡ 30ಕ್ಕಿಂತ ಕಡಿಮೆಯಿದ್ದರೆ ಒಟ್ಟು ಪುಡಿಯಲ್ಲಿ ಉರಿಯದ ಅಂಶ ಕನಿಷ್ಠ ಶೇಕಡ 75 ಇರಬೇಕು, ಹೆಚ್ಚಿದ್ದರೆ 85 ಇರಬೇಕು ಎಂದು ಪ್ರಮಾಣ ಕಟ್ಟಿತು. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಸುರಂಗವನ್ನು ಭಾಗಗಳಾಗಿ ವಿಂಗಡಿಸಿ, ನೆಲದ ಪುಡಿಯನ್ನು ಬೇರೆಯಾಗಿ, ಗೋಡೆ ಮತ್ತು ಮೇಲ್ಛಾವಣಿಯ ಪುಡಿಯನ್ನು ಬೇರೆಯಾಗಿ ಗುಡಿಸಿ ಚೀಲಕ್ಕೆ ತುಂಬಬೇಕು. ಪ್ರಯೋಗಾಲಯದಲ್ಲಿ ಜರಡಿ ಹಿಡಿದು, ಒಣಗಿಸಿ, ಸುಟ್ಟು, ಉಳಿದದ್ದನ್ನು ತೂಗಬೇಕು. ಬಂದ ಅಂಕಿಯನ್ನು ದಾಖಲೆಗೆ ಬರೆಯಬೇಕು. ಇಷ್ಟು ನೀರಸ ಕೆಲಸ ಇನ್ನೊಂದಿಲ್ಲ. ಮೂವತ್ತು ವರ್ಷ ಇದನ್ನು ತಪ್ಪದೆ ಮಾಡಿದವನ ಬಗ್ಗೆ ಹೇಳಲು ಕಥೆಯೇ ಇರುವುದಿಲ್ಲ. ಮಾಡದವನ ಬಗ್ಗೆ ಇರುತ್ತದೆ. ಈ ನಿಯಮ ಬಂದು ಎಂಟು ವರ್ಷಕ್ಕೆ, 1965ರ ಮೇ 28ರಂದು, ಈಗ ಝಾರ್ಖಂಡದಲ್ಲಿರುವ ಧೋರಿ ಗಣಿಯಲ್ಲಿ ಕಲ್ಲಿದ್ದಲ ಪುಡಿ ಸ್ಫೋಟಿಸಿ 268 ಮಂದಿ ಸತ್ತರು.

ಇದು ಬಡ ದೇಶದ ಹಣೆಬರಹ ಎನ್ನುವವರು ಅಮೆರಿಕದ ಕಥೆಯನ್ನು ಕೇಳಬೇಕು. ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 2010ರ ಏಪ್ರಿಲ್ 5ರಂದು 29 ಮಂದಿ ಸತ್ತರು. ಕಲ್ಲಿದ್ದಲು ಕತ್ತರಿಸುವ ಯಂತ್ರದ ಹಲ್ಲುಗಳು ಸವೆದಿದ್ದವು, ನೀರು ಚಿಮುಕಿಸುವ ನಳಿಗೆಗಳು ಕೆಟ್ಟಿದ್ದವು, ಸ್ವಲ್ಪ ಮೀಥೇನ್ ಹೊತ್ತಿಕೊಂಡಿತು. ಅಲ್ಲಿಗೇ ನಿಲ್ಲಬಹುದಾಗಿದ್ದ ಬೆಂಕಿಯನ್ನು ಪುಡಿ ಹೊತ್ತೊಯ್ದಿತು. ಅಷ್ಟು ದೊಡ್ಡ ಗಣಿಯಲ್ಲಿ ಕಲ್ಲುಪುಡಿ ಚೆಲ್ಲಲು ಇದ್ದ ತಂಡ ಇಬ್ಬರದ್ದು. ಅವರನ್ನೂ ಬೇಕೆಂದಾಗ ಬೇರೆ ಕೆಲಸಕ್ಕೆ ಎಳೆಯುತ್ತಿದ್ದರು. ಅವರ ಕೈಗೆ ಕೊಟ್ಟಿದ್ದ ಹಳೆಯ ಯಂತ್ರ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿತ್ತು. ಗಣಿ ಕಂಪನಿ ಎರಡು ಬಗೆಯ ದಾಖಲೆ ಪುಸ್ತಕ ಇಟ್ಟಿತ್ತೆಂದು ತನಿಖೆ ಹೇಳಿತು, ತಪಾಸಕರಿಗೆ ತೋರಿಸಲು ಒಂದು, ತಮಗಾಗಿ ಇನ್ನೊಂದು. ಕಂಪನಿಯ ಮುಖ್ಯಸ್ಥನಾಗಿದ್ದವನಿಗೆ ಸುರಕ್ಷತಾ ನಿಯಮಗಳನ್ನು ಮುರಿಯಲು ಸಂಚು ಮಾಡಿದ ಅಪರಾಧಕ್ಕಾಗಿ ಒಂದು ವರ್ಷ ಜೈಲಾಯಿತು. ಸೆಂಗೆನಿತ್‌ನ 10 ಪೌಂಡಿಗೆ ಹೋಲಿಸಿದರೆ ನೂರು ವರ್ಷದಲ್ಲಿ ನ್ಯಾಯ ಇಷ್ಟು ದೂರ ಬಂದಿದೆ. ಚಾಸ್‌ನಾಲಾ ಪ್ರಕರಣದಲ್ಲಿ ಶಿಕ್ಷೆಯ ತೀರ್ಪು ಬರಲು 2012ರವರೆಗೆ ಕಾಯಬೇಕಾಯಿತು.

ಅಪ್ಪರ್ ಬಿಗ್ ಬ್ರಾಂಚಿನ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸ್ಫೋಟದಷ್ಟೇ ಅದೂ ನನ್ನನ್ನು ಕಾಡಿದೆ. ಸತ್ತವರಲ್ಲಿ 24 ಮಂದಿಯ ಶ್ವಾಸಕೋಶವನ್ನು ಪರೀಕ್ಷೆ ಮಾಡಲು ಸಾಧ್ಯವಾಯಿತು. 17 ಮಂದಿಗೆ ಕರಿಶ್ವಾಸಕೋಶದ ರೋಗವಿತ್ತು. ಸ್ಫೋಟ ಆಗದಿದ್ದರೂ ಆ ಪುಡಿ ಅವರನ್ನು ಬಿಡುತ್ತಿರಲಿಲ್ಲ.

ಆರೋಗ್ಯದ ವಿಷಯಕ್ಕೆ ಬಂದರೆ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಶ್ವಾಸಕೋಶದ ರೋಗಕ್ಕೆ ರಕ್ಷಣಾ ಕಾರ್ಯಾಚರಣೆ ಎಂಬುದೇ ಇಲ್ಲ. ಒಳಗೆ ಕೂತ ಪುಡಿಯನ್ನು ಯಾವ ಕೋಶ ಇಳಿಸಿಯೂ ಮೇಲೆತ್ತಲಾಗದು. ಇಲ್ಲಿ ಇರುವುದು ತಡೆಯೊಂದೇ. ಹಾಗಾಗಿಯೇ ಇಲ್ಲಿ ನಾಯಕರೂ ಇಲ್ಲ. ನಾವು ಮೆಚ್ಚಿಕೊಂಡ ಜಾಣರೂ ಇಲ್ಲಿ ಎಡವಿದ್ದಾರೆ. ಕಾರ್ಬನ್ ಮಾನಾಕ್ಸೈಡಿನ ಗುಟ್ಟು ಬಿಡಿಸಿದ ಹಾಲ್ಡೇನ್, ಕಲ್ಲಿದ್ದಲ ಪುಡಿಯಿಂದಲೂ ಜೇಡಿಕಲ್ಲಿನ ಪುಡಿಯಿಂದಲೂ ಶ್ವಾಸಕೋಶಕ್ಕೆ ಹೆಚ್ಚಿನ ಕೇಡಿಲ್ಲ ಎಂದು ಕಡೆಯವರೆಗೂ ನಂಬಿದ್ದ. ಅವನ ಮಾತಿಗಿದ್ದ ತೂಕದಿಂದಾಗಿಯೇ ಆ ರೋಗವನ್ನು ಗುರುತಿಸುವುದು ತಡವಾಯಿತು. ಬ್ರಿಟನ್ ಕಲ್ಲಿದ್ದಲು ಕಾರ್ಮಿಕರ ಈ ಶ್ವಾಸಕೋಶ ರೋಗಕ್ಕೆ ಪರಿಹಾರ ಕೊಡಲು ಒಪ್ಪಿದ್ದು 1943ರಲ್ಲಿ. ಗಾರ್ಫೋರ್ತ್‌ನನ್ನೂ ಪೂರ್ತಿ ಬಿಡುವಂತಿಲ್ಲ. ಸ್ಫೋಟ ತಡೆಯಲು ಪುಡಿಯ ವಿರುದ್ಧ ಹೋರಾಡಿದವನೇ ಕಲ್ಲಿದ್ದಲು ಕತ್ತರಿಸುವ ಯಂತ್ರಗಳ ತಯಾರಿಕೆಯಲ್ಲೂ ಮುಂದಿದ್ದ. ಗುದ್ದಲಿಗಿಂತ ಆ ಯಂತ್ರಗಳು ಎಬ್ಬಿಸುವ ಪುಡಿಯೇ ಹೆಚ್ಚು. ಅವನು ಚೆಲ್ಲಿಸಿದ್ದು ಜೇಡಿಕಲ್ಲಿನ ಪುಡಿ. ಅದರಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಸಿಲಿಕಾ ಇರುತ್ತದೆಂಬ ಕಾರಣಕ್ಕೆ ಮುಂದೆ ಸುಣ್ಣಕಲ್ಲಿನ ಪುಡಿಗೆ ಬದಲಾಯಿಸಬೇಕಾಯಿತು. ಇದನ್ನು ಅವನ ಮೇಲಿನ ದೋಷಾರೋಪವಾಗಿ ಹೇಳುತ್ತಿಲ್ಲ. ಒಂದು ಅಪಾಯಕ್ಕೆ ಕಂಡುಕೊಂಡ ಉಪಾಯವನ್ನು ಇನ್ನೊಂದು ಅಪಾಯದ ಕಣ್ಣಿನಿಂದಲೂ ನೋಡಬೇಕಾಗುತ್ತದೆ. ಅದು ಒಬ್ಬ ಮಹಾಪುರುಷನಿಂದ ಆಗುವ ಕೆಲಸವಲ್ಲ. ಅದಕ್ಕೆ ಸಂಸ್ಥೆಗಳು ಬೇಕು, ಬೇಸರವಿಲ್ಲದೆ ಅಳೆಯುವ ಜನ ಬೇಕು.

ಕನ್ನಡನಾಡಿನಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಆದರೆ ಕೋಲಾರದ ಚಿನ್ನದ ಗಣಿಯವರಿಗೆ ಈ ಮಾತೆಲ್ಲ ಹೊಸದೇನಲ್ಲ. ಅಲ್ಲಿ ಸಿಲಿಕೋಸಿಸ್ ಬಗ್ಗೆ 1940ರ ದಶಕದಲ್ಲೇ ಸಮೀಕ್ಷೆ ನಡೆದಿತ್ತು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ತಾನೇ ಸಿಡಿಯುತ್ತಿತ್ತು. ಆ ಸಿಡಿತದ ಸಣ್ಣ ಕಂಪನಗಳನ್ನು ಉಪಕರಣಗಳಿಂದ ಆಲಿಸುವ ವಿದ್ಯೆ ಅಲ್ಲಿ ಬೆಳೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸಂಸ್ಥೆ ಉಳಿದು, ದೇಶದ ಕಲ್ಲಿದ್ದಲು ಗಣಿಗಳಿಗೂ ಕೆಲಸ ಮಾಡಿತು. ಕೆಜಿಎಫ್ ಹೆಸರಿನಲ್ಲಿ ನಾವು ನೋಡಿದ ಸಿನಿಮಾಗಳಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲ, ಬಿಡಿ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. ಭಾರತದ ಕಲ್ಲಿದ್ದಲು ಗಣಿಗಳಲ್ಲಿ ಸಾವುಗಳು ಕಡಿಮೆಯಾಗಿವೆಯಲ್ಲ, ತಡೆಯುವ ಕೆಲಸ ಸೋತಿದೆ ಎನ್ನುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದು. ಸಾವುಗಳು ಕಡಿಮೆಯಾಗಿರುವುದು ನಿಜ, ಸಂತೋಷದ ಸಂಗತಿ. ಆದರೆ ಆ ಸಂತೋಷದ ಒಂದು ಪಾಲು ಬೇರೆ ಲೆಕ್ಕಕ್ಕೆ ಸೇರಬೇಕು. ನಮ್ಮ ಕಲ್ಲಿದ್ದಲಿನ ಶೇಕಡ 90ಕ್ಕೂ ಹೆಚ್ಚು ಈಗ ತೆರೆದ ಗಣಿಗಳಿಂದ ಬರುತ್ತದೆ. ಬಯಲಿನಲ್ಲಿ ಮೀಥೇನ್ ಕಟ್ಟಿಕೊಳ್ಳುವುದಿಲ್ಲ, ಮೇಲ್ಛಾವಣಿ ಬೀಳಲು ಮೇಲ್ಛಾವಣಿಯೇ ಇಲ್ಲ. ಭೂಗತ ಗಣಿಯ ಅಪಾಯವನ್ನು ನಾವು ಗೆದ್ದಿರುವುದಕ್ಕಿಂತ ಹೆಚ್ಚಾಗಿ ಅಲ್ಲಿಂದ ಎದ್ದು ಬಂದಿದ್ದೇವೆ. ಇನ್ನು ಹತ್ತು ಲಕ್ಷ ಟನ್ನಿಗೆ ಎಷ್ಟು ಸಾವು ಎಂಬ ಲೆಕ್ಕ. ದೊಡ್ಡ ಯಂತ್ರ ಬಂದು ಟನ್ನು ಹತ್ತುಪಟ್ಟಾದರೆ, ಒಬ್ಬ ಕೆಲಸಗಾರ ಸಾಯುವ ಸಂಭವ ಇದ್ದಷ್ಟೇ ಇದ್ದರೂ ಈ ಅಂಕಿ ತಾನಾಗಿ ಇಳಿಯುತ್ತದೆ. ಗಣಿಗೆ ಇಳಿಯುವವನಿಗೆ ಬೇಕಾದದ್ದು ತಲೆಲೆಕ್ಕ, ಟನ್ನಿನ ಲೆಕ್ಕವಲ್ಲ. ಅಪಾಯ ಬಯಲಿಗೂ ಬೇರೆ ರೂಪದಲ್ಲಿ ಬಂದಿದೆ. 2016ರ ಡಿಸೆಂಬರ್ 29ರಂದು ಝಾರ್ಖಂಡದ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ದಿಬ್ಬವೇ ಜಾರಿ 23 ಮಂದಿ ಹೂತುಹೋದರು. ಇಳಿಜಾರಿನ ಕದಲಿಕೆಯನ್ನು ರೇಡಾರಿನಿಂದ ಅಳೆದು ಮೊದಲೇ ಹೇಳುವ ತಂತ್ರ ಆಗ ಜಗತ್ತಿಗೆ ಹಳೆಯದಾಗಿತ್ತು.

ಮೇಘಾಲಯದ ಇಲಿಬಿಲ ಗಣಿಗಳ ಕಥೆ ಇದಕ್ಕಿಂತ ವಿಚಿತ್ರ. ಮನುಷ್ಯ ತೆವಳಿಕೊಂಡು ಹೋಗಿ ಕಲ್ಲಿದ್ದಲು ಕೆರೆದು ತರುವ ಆ ಪದ್ಧತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. 2018ರ ಡಿಸೆಂಬರಿನಲ್ಲಿ ಕ್ಸಾನ್ ಎಂಬಲ್ಲಿ ಅಂಥದೇ ಗಣಿಗೆ ನೀರು ನುಗ್ಗಿ 15 ಮಂದಿ ಕಳೆದುಹೋದರು. ಐದು ವರ್ಷದ ನಂತರ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿಯಿತು. ದೊಡ್ಡ ಕೊರೆಯುವ ಯಂತ್ರ ಮುರಿದು ನಿಂತಾಗ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದ ಬಗೆದು 41 ಮಂದಿಯನ್ನು ಹೊರತಂದವರು ಇದೇ ಕಸುಬಿನ ಬಡವರು. ದೇಶ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತು. ಆ ಸುರಂಗಕ್ಕೆ 2018ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಯೋಜನೆಯಲ್ಲಿ ಪಾರಾಗುವ ದಾರಿಯೂ ಸೇರಿತ್ತು. ಹದಿನೇಳು ದಿನ ಆ 41 ಮಂದಿಗೆ ಬೇಕಿದ್ದದ್ದು ಆ ದಾರಿಯೇ. ಅದು ಏಕೆ ಇರಲಿಲ್ಲ ಎಂಬ ಪ್ರಶ್ನೆ ಹಾರ ತುರಾಯಿಗಳ ನಡುವೆ ಕೆಲವೇ ದಿನ ಕೇಳಿಸಿತು.

ಹಾಗಿದ್ದರೆ ಮಾಡಬೇಕಾದ್ದೇನು? ಎಂಜಿನಿಯರಿಗೆ ಉಪದೇಶ ಮಾಡುವುದರಿಂದ ಏನೂ ಆಗದು. ಗಣಿಯ ವ್ಯವಸ್ಥಾಪಕನ ಹೆಗಲ ಮೇಲೆ ಉತ್ಪಾದನೆಯೂ ಇದೆ, ಸುರಕ್ಷತೆಯೂ ಇದೆ. ಟನ್ನು ಕಡಿಮೆಯಾದರೆ ಸಂಜೆಯೇ ಫೋನು ಬರುತ್ತದೆ. ಕಲ್ಲುಪುಡಿಯ ಅಂಶ ಶೇಕಡ 85ರಿಂದ 78ಕ್ಕೆ ಇಳಿದರೆ ಯಾರೂ ಫೋನು ಮಾಡುವುದಿಲ್ಲ. ಪಾಳಿಯ ಆರಂಭದಲ್ಲಿ ಕೋಲಿನಿಂದ ಮೇಲ್ಛಾವಣಿ ತಟ್ಟಿ, ಸದ್ದು ಕೇಳಿ, ಒಳಗೆ ಜನ ಬಿಡಬಹುದೋ ಇಲ್ಲವೋ ಎಂದು ಹೇಳಬೇಕಾದ ಮೈನಿಂಗ್ ಸರ್ದಾರ್ ಬೇಡವೆಂದು ಬರೆದರೆ ಒಂದು ಪಾಳಿಯ ಕಲ್ಲಿದ್ದಲು ಹೋದಂತೆ. ಆಮೇಲೆ ಮೇಲ್ಛಾವಣಿ ಬೀಳಲಿಲ್ಲವೆಂದರೆ ಎಲ್ಲರೂ ಅವನನ್ನೇ ಗದರಿಸುತ್ತಾರೆ. ಕೆಲಸ ನಿಲ್ಲಿಸಿದವನ ತೀರ್ಮಾನ ಸರಿಯಾಗಿತ್ತೆಂದು ತೋರಿಸುವುದು ನಿಲ್ಲಿಸದೇ ಇದ್ದಾಗ ಆಗುವ ಸಾವು ಮಾತ್ರ. ಈ ಒಗಟು ಬಿಡಿಸಲು ನನಗೆ ಕಾಣುವ ದಾರಿ ಒಂದೇ. ಸಾವಿನ ಲೆಕ್ಕಕ್ಕಾಗಿ ಕಾಯದೆ ತಡೆಯ ಲೆಕ್ಕವನ್ನೇ ಜನರ ಮುಂದಿಡಬೇಕು. ಪುಡಿಯ ಮಾದರಿಗಳಲ್ಲಿ ಎಷ್ಟು ಸರಿಯಿದ್ದವು, ಮೀಥೇನ್ ಎಷ್ಟು ಬಾರಿ ಮಿತಿ ಮೀರಿತು, ಎಷ್ಟು ಬಾರಿ ಯಾರು ಕೆಲಸ ನಿಲ್ಲಿಸಿದರು, ಉಸಿರಾಡುವ ಗಾಳಿಯಲ್ಲಿ ಧೂಳು ಎಷ್ಟಿತ್ತು. ಇವೆಲ್ಲ ಅಳೆಯಲು ಬರುವಂಥವು, ಅಳೆದು ಬರೆಯಲೇಬೇಕಾದವು.

ಪ್ರಕಟಣೆಯೊಂದರಿಂದಲೇ ಎಲ್ಲ ಸರಿಯಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಅಮೆರಿಕದಲ್ಲಿ ಯಾವ ಗಣಿಯ ಹೆಸರು ಕೊಟ್ಟರೂ ಅದರ ಉಲ್ಲಂಘನೆಗಳ ಪಟ್ಟಿ ಸಾರ್ವಜನಿಕರಿಗೆ ಸಿಗುತ್ತದೆ. ಅಪ್ಪರ್ ಬಿಗ್ ಬ್ರಾಂಚಿಗೆ 2009ರ ಒಂದೇ ವರ್ಷದಲ್ಲಿ 500ಕ್ಕೂ ಹೆಚ್ಚು ಸಲ ತಪ್ಪು ಬರೆದಿದ್ದರು. ಬರೆದವರು ಇಡೀ ಗಣಿಯನ್ನು ಮುಚ್ಚಿಸಲಿಲ್ಲ. ಆದ್ದರಿಂದ ಅಂಕಿಗಳ ಜತೆ ನಿಲ್ಲಿಸುವ ಧೈರ್ಯಕ್ಕೆ ಕಾನೂನಿನ ಆಸರೆಯೂ, ಬಡ್ತಿಯಲ್ಲಿ ಬೆಲೆಯೂ ಸಿಗಬೇಕು. ನಮ್ಮಲ್ಲಿ ಅಪಾಯ ಕಂಡರೆ ಕೆಲಸ ನಿಲ್ಲಿಸಲು ಆದೇಶಿಸುವ ಅಧಿಕಾರ ತಪಾಸಕರಿಗೆ 1952ರ ಗಣಿ ಕಾಯಿದೆಯ ಕಾಲದಿಂದಲೂ ಇದೆ. ಕಾರ್ಮಿಕರ ಕಡೆಯ ತಪಾಸಕರೂ ಇದ್ದಾರೆ. ಅವರು ನಿಲ್ಲಿಸಿದ್ದು, ನಿಲ್ಲಿಸದೇ ಬಿಟ್ಟದ್ದು ಎರಡೂ ಜನರ ಕಣ್ಣಿಗೆ ಬೀಳಬೇಕು.

ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ವಿದ್ಯುತ್ತಿಗಾಗಿ ಉರಿಯುವ ಕಲ್ಲಿದ್ದಲು ಹೊರ ರಾಜ್ಯಗಳ ಗಣಿಗಳಿಂದ ಬರುತ್ತದೆ. ಯಾವ ಸ್ಥಾವರದಲ್ಲಿ ಎಷ್ಟು ದಿನಕ್ಕಾಗುವ ಕಲ್ಲಿದ್ದಲ ದಾಸ್ತಾನಿದೆ ಎಂಬುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನದಿನವೂ ಪ್ರಕಟಿಸುತ್ತದೆ. ದಾಸ್ತಾನು ಇಳಿದರೆ ನಮ್ಮ ಪತ್ರಿಕೆಗಳಲ್ಲಿ ಮುಖಪುಟದ ಸುದ್ದಿ. ಆ ಕಲ್ಲಿದ್ದಲು ತೆಗೆದ ಗಣಿಯಲ್ಲಿ ಕಳೆದ ತಿಂಗಳು ಧೂಳಿನ ಪರೀಕ್ಷೆ ಪಾಸಾಯಿತೇ, ಇಳಿಜಾರು ಕದಲಿತೇ, ಯಾರಾದರೂ ಕೆಲಸ ನಿಲ್ಲಿಸಿದರೇ ಎಂಬುದನ್ನೂ ಅದೇ ಪುಟದ ಪಕ್ಕದಲ್ಲಿ, ಗಣಿ ಗಣಿಗೆ ಬೇರೆಬೇರೆಯಾಗಿ, ಪ್ರಕಟಿಸಬೇಕು. ವಿದ್ಯುತ್ ಬಿಲ್ಲು ಕಟ್ಟುವವರು ನಾವು, ಕೇಳುವ ಹಕ್ಕು ನಮಗಿದೆ. ಕೇಳೋಣ.